ಹಾರನಹಳ್ಳಿ ಅಂದ್ರೆ ಬರೀ ಭವಿಷ್ಯವಾ?

ಮೊನ್ನೆ ಹಾರನಹಳ್ಳಿಗೆ ಹೋಗಿ ಬಂದೆ ಅಂದ ಕೂಡಲೇ ಗೆಳೆಯನೊಬ್ಬ ಕೇಳಿದ: "ಕೋಡಿಮಠಕ್ಕಾ? ಈ ಸಲ ಭವಿಷ್ಯ ಏನಂತೆ?" ಅವನ ತಪ್ಪಲ್ಲ ಬಿಡಿ. ಟೀವಿಯವರಿಗೆ ಈ ಊರು ನೆನಪಾಗೋದೇ ನಾಳೆ ಏನಾಗುತ್ತೆ ಅಂತ ಕೇಳೋದಕ್ಕೆ. 1235ರಲ್ಲಿ ಅಲ್ಲಿ ಏನಾಯ್ತು ಅನ್ನೋದು ಯಾರಿಗೆ ಬೇಕು?

ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಅಂತ ಮೂವರು ಅಣ್ಣತಮ್ಮಂದಿರು ಆಗ ಅಲ್ಲಿ ಎರಡು ಗುಡಿ ಕಟ್ಟಿಸಿದರು. ಮೂರು ಗರ್ಭಗುಡಿಯ ಲಕ್ಷ್ಮೀನರಸಿಂಹ ಒಂದು, ಅದರ ಹತ್ತಿರದಲ್ಲೇ ಸೋಮೇಶ್ವರ ಇನ್ನೊಂದು. ಹರಿಗೂ ಹರನಿಗೂ ಒಂದೇ ಮನೆಯವರ ದುಡ್ಡು! ಈಗ ಜಗಳ ಆಡೋರು ಒಂದ್ಸಲ ಹೋಗಿ ನೋಡಬೇಕು. ಬಳಪದ ಕಲ್ಲಿನ ಗೋಡೆ, ಬುಡದಲ್ಲಿ ಆನೆಗಳ ಸಾಲು, ಎತ್ತರದ ಜಗತಿ... ನಾನಿದ್ದ ಒಂದು ಗಂಟೆಯಲ್ಲಿ ಬೇರೆ ಒಂದು ನರಪಿಳ್ಳೆ ಬರಲಿಲ್ಲ.

2023ರ ಸೆಪ್ಟೆಂಬರ್ 18ಕ್ಕೆ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿ ಸೇರಿದಾಗ ನಾನೂ ಕುಣಿದಾಡಿದವನೇ. ಈಗ ಅನ್ನಿಸ್ತಿದೆ, ಮೂರು ಗುಡಿ ಆರಿಸಿ ಉಳಿದದ್ದನ್ನೆಲ್ಲ "ದಾರೀಲಿ ಸಿಗುತ್ತೆ, ಟೈಮಿದ್ರೆ ನೋಡಿ" ಅನ್ನೋ ಲೆಕ್ಕಕ್ಕೆ ತಳ್ಳಿಬಿಟ್ಟೆವಾ ಅಂತ.

ಸ್ಪೇನಿನವರು ಏನು ಮಾಡಿದರು ಗೊತ್ತಾ? ಸಾಂತಿಯಾಗೋಗೆ ಯಾತ್ರಿಕರು ನಡೆದು ಹೋಗುವ ದಾರಿಯನ್ನೇ 1993ರಲ್ಲಿ ಪಟ್ಟಿಗೆ ಸೇರಿಸಿದರು. ದಾರಿಯುದ್ದದ ಸುಮಾರು 1,800 ಕಟ್ಟಡಗಳೂ ಅದರ ಲೆಕ್ಕಕ್ಕೆ ಬಂದವು. "ಅವೆಲ್ಲ ದೊಡ್ಡ ದೊಡ್ಡ ಚರ್ಚು, ನಮ್ಮ ಹಳ್ಳಿ ಗುಡಿಗೆ ಯಾರು ಕೊಡ್ತಾರೆ" ಅಂತೀರಾ? ದಕ್ಷಿಣ ಪೋಲೆಂಡಿನಲ್ಲಿ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಆರು ಮರದ ಚರ್ಚುಗಳಿಗೆ 2003ರಲ್ಲೇ ಆ ಮಾನ ಸಿಕ್ಕಿದೆ. ಅವಿರೋದೂ ಹಳ್ಳಿಗಳಲ್ಲೇ. ಮರದ ಕಟ್ಟಡ ನೋಡೋದಕ್ಕೇ ಅಂತ ಅಲ್ಲಿ ಒಂದು ದಾರಿ ಗುರುತು ಮಾಡಿ ಫಲಕ ನೆಟ್ಟಿದ್ದಾರೆ. ಮರ ಮಾರಾಯ್ರೆ, ಮರ! ಬೆಂಕಿ, ಹುಳ, ಮಳೆ ಎಲ್ಲದರಿಂದ ಕಾಯಬೇಕು. ನಮ್ಮದು ಕಲ್ಲು. ಅದಕ್ಕೇ ಅಸಡ್ಡೆ ಇರಬೇಕು.

ಆದರೆ ಕಲ್ಲೂ ಒಡೆಯುತ್ತೆ. ಹಾಸನ-ಬೇಲೂರು ದಾರಿಯ ಹತ್ತಿರದ ದೊಡ್ಡಗದ್ದವಳ್ಳಿಯಲ್ಲಿ 2020ರ ನವೆಂಬರಿನಲ್ಲಿ ಕಾಳಿಯ ವಿಗ್ರಹ ಒಡೆದುಬಿದ್ದಿತ್ತು. ಆ ಗುಡಿಗೂ ಪುರಾತತ್ವ ಇಲಾಖೆಯ ರಕ್ಷಣೆ ಇತ್ತು. ಬೇಲೂರಿನಲ್ಲಿ ಹೀಗಾಗೋದು ಕಷ್ಟ, ಅಲ್ಲಿ ದಿನವಿಡೀ ನೂರಾರು ಕಣ್ಣು ಇರುತ್ತೆ. ಹಾರನಹಳ್ಳಿಗೂ ಬೇಕಾಗಿರೋದು ಆ ಕಣ್ಣುಗಳೇ.

ಸರ್ಕಾರಕ್ಕೆ ಬಯ್ಯೋದು ಸುಲಭ, ಬಯ್ಯೋಣ. ಆದರೆ ಬ್ಲಾಗಿಗರಾದ ನಾವೇನು ಕಮ್ಮಿಯಾ? ಬೇಲೂರಿನ ದರ್ಪಣ ಸುಂದರಿಯ ಅದೇ ಫೋಟೋ ಎಷ್ಟು ಸಲ ಹಾಕಿದ್ದೇವೆ! ನನ್ನ ಹತ್ತಿರವೇ ನಾಲ್ಕಿವೆ. ಹಾರನಹಳ್ಳಿಯದು ಮೊನ್ನೆಯವರೆಗೆ ಒಂದೂ ಇರಲಿಲ್ಲ.

ಅರಸೀಕೆರೆಯಿಂದ ಹಾಸನದ ರಸ್ತೆಯಲ್ಲಿ ಸುಮಾರು 8 ಕಿ.ಮೀ. ಅಷ್ಟೇ. ಮಠಕ್ಕೆ ಹೋಗೋರು ಹೋಗಿ, ಬೇಡ ಅನ್ನಲ್ಲ. ಬರುವಾಗ ಆ ಎರಡು ಗುಡಿಗಳ ಹತ್ತಿರ ಒಂದರ್ಧ ಗಂಟೆ ಗಾಡಿ ನಿಲ್ಲಿಸಿ. ಕ್ಯಾಮೆರಾ ಮರೀಬೇಡಿ.