ಕವರಿನ ಗಂಟು ಬಿಚ್ಚುವವರು ಯಾರು?

ರಾತ್ರಿ ಊಟ ಮುಗಿಯಿತು. ಪಾತ್ರೆಯಲ್ಲಿ ಎರಡು ಸೌಟು ಅನ್ನ, ತಳದಲ್ಲಿ ಒಂದಿಷ್ಟು ಸಾರು, ಜತೆಗೆ ಹೀರೇಕಾಯಿ ಸಿಪ್ಪೆ, ಮೊನ್ನೆ ತಂದು ಮರೆತ ಕೊತ್ತಂಬರಿ ಕಟ್ಟು. ಅಡುಗೆಮನೆ ಬಾಗಿಲ ಹಿಂದೆ ತೂಗುಹಾಕಿದ ಕವರುಗಳಲ್ಲಿ ಒಂದನ್ನು ಎಳೆದು, ಎಲ್ಲವನ್ನೂ ಅದಕ್ಕೆ ಸುರಿದು, ಬಿಗಿಯಾಗಿ ಒಂದು ಗಂಟು. ಮನೆ ಯಜಮಾನರು ಅದನ್ನು ಹಿಡಿದು ಹೊರಟು, ಅತ್ತಿತ್ತ ನೋಡಿ, ಬೀದಿ ತಿರುವಿನ ಲೈಟು ಕಂಬದ ಬುಡಕ್ಕೆ ಒಂದೇ ಎಸೆತ. ಮನೆ ಚೊಕ್ಕಟವಾಯಿತು. ಯಜಮಾನರು ಕೈ ತೊಳೆದು ಮಲಗಿದರು.

ಬೆಳಗಿನ ಜಾವ ಅದೇ ಕಂಬದ ಹತ್ತಿರ ಹಸು ಬರುತ್ತದೆ. ಗಂಟು ಬಿಚ್ಚಲು ಅದಕ್ಕೆ ಕೈಯಿಲ್ಲ. ಅನ್ನದ ವಾಸನೆ ಹಿಡಿದು ಕವರಿನ ಸಮೇತ ನುಂಗುತ್ತದೆ. ಅನ್ನ ಕರಗುತ್ತದೆ, ಪ್ಲಾಸ್ಟಿಕ್ ಕರಗುವುದಿಲ್ಲ. ಅದು ಹೊಟ್ಟೆಯಲ್ಲೇ ಉಂಡೆ ಕಟ್ಟಿ ಕೂರುತ್ತದೆ. ಪಶುವೈದ್ಯರು ಇಂಥ ಹಸುಗಳ ಹೊಟ್ಟೆ ಕೊಯ್ದು ಹತ್ತಾರು ಕಿಲೋ ಪ್ಲಾಸ್ಟಿಕ್ ತೆಗೆದದ್ದುಂಟು. ಹಸು ಬಿಟ್ಟುಹೋದ ಗಂಟು ಪೌರಕಾರ್ಮಿಕರ ಪಾಲು. ರಾತ್ರಿ ಸುರಿದ ಸಾರು ಬೆಳಿಗ್ಗೆ ಅವರ ಕೈಮೇಲೆ ಇಳಿಯುತ್ತದೆ. ಜತೆಗೆ ಒಂದು ಬ್ಲೇಡೋ, ಒಡೆದ ಗಾಜಿನ ಚೂರೋ ಇದ್ದರೆ ಆ ದಿನದ ಕೂಲಿ ಆಸ್ಪತ್ರೆಗೆ.

ಪ್ಲಾಸ್ಟಿಕ್ ಬಗ್ಗೆ ಭಾಷಣಗಳಿಗೆ ಬರವಿಲ್ಲ. ಅನ್ನ ಚೆಲ್ಲಬೇಡಿ ಎಂಬ ಬೋಧನೆಗೂ ಬರವಿಲ್ಲ. ಇವೆರಡೂ ಒಂದೇ ಗಂಟಿನಲ್ಲಿ ಇವೆ ಎಂಬುದನ್ನು ಮಾತ್ರ ಹೇಳುವವರು ಕಡಿಮೆ. ಸಿಪ್ಪೆಯೊಂದೇ ಇದ್ದರೆ ಅದು ಗೊಬ್ಬರ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ ಒಂದೇ ಇದ್ದರೆ ಅದಕ್ಕೆ ಗುಜರಿಯವನು ಕಾಸು ಕೊಡುತ್ತಾನೆ. ಎರಡನ್ನೂ ಕಲಸಿ ಗಂಟು ಹಾಕಿದರೆ ಗೊಬ್ಬರವೂ ಇಲ್ಲ, ಕಾಸೂ ಇಲ್ಲ. ಉಳಿಯುವುದು ನಾತ, ನೊಣ, ಕಸದ ಗುಡ್ಡೆ.

ಆ ಗುಡ್ಡೆ ಹೇಗಿರುತ್ತದೆ ಎಂದು ಮೈಸೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಫೆಬ್ರವರಿಯಲ್ಲಿ ಪ್ರಕಟವಾದ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರಿಗೆ ಮೊದಲ ಸ್ಥಾನ ಸಿಕ್ಕಿತು. ಊರೆಲ್ಲ ಬೀಗಿತು, ತಪ್ಪೇನಿಲ್ಲ. ಆದರೆ ಅದೇ ಊರಿನ ಸೂಯೇಜ್ ಫಾರಂನಲ್ಲಿ ವರ್ಷಗಳ ಕಸ ಬೆಟ್ಟದಂತೆ ಬೆಳೆದು, ವಿದ್ಯಾರಣ್ಯಪುರಂ, ಜೆ.ಪಿ. ನಗರದ ಜನ ಕಿಟಕಿ ಮುಚ್ಚಿ ಊಟ ಮಾಡಿದರು. ಇನ್ನೊಂದು ಕಡೆ ಕುಂಬಾರಕೊಪ್ಪಲಿನ ಸಣ್ಣ ಘಟಕದಲ್ಲಿ ಹಸಿ ಕಸ ಗೊಬ್ಬರವಾಗಿ ರೈತರ ಹೊಲ ಸೇರಿತು, ಒಣ ಕಸ ಬಗೆಬಗೆಯಾಗಿ ವಿಂಗಡವಾಗಿ ಮಾರಾಟವಾಯಿತು. ಬೇರೆ ಊರಿನವರು ಬಂದು ನೋಡಿಕೊಂಡು ಹೋದರು. ಒಂದೇ ಊರು, ಅದೇ ಕಸ. ಒಂದು ಕಡೆ ಗಂಟು ಬಿಚ್ಚಿದರು, ಇನ್ನೊಂದು ಕಡೆ ಬಿಚ್ಚಲಿಲ್ಲ. ಅಷ್ಟೇ ವ್ಯತ್ಯಾಸ.

ಬೆಂಗಳೂರು ಈ ಪಾಠವನ್ನು ದುಬಾರಿ ಫೀಜು ಕೊಟ್ಟು ಕಲಿಯಿತು. 2012ರಲ್ಲಿ ಮಾವಳ್ಳಿಪುರದ ಜನ ನಿಮ್ಮ ಕಸ ನಮ್ಮೂರಿಗೆ ಬೇಡ ಎಂದು ನಿಂತಾಗ ರಾಜಧಾನಿಯ ರಸ್ತೆಗಳಲ್ಲೇ ಕಸ ರಾಶಿ ಬಿತ್ತು. ಹಸಿ ಕಸ ಬೇರೆ, ಒಣ ಕಸ ಬೇರೆ ಎಂಬ ಮಾತು ಅಲ್ಲಿ ಕಡ್ಡಾಯವಾದದ್ದು ಅದಾದ ಮೇಲೆ. ಊರ ಕಸ ಯಾವುದೋ ಹಳ್ಳಿಯ ಮೂಗಿಗೆ ಹೋಗುತ್ತದೆ ಎಂಬುದನ್ನು ದಿನಾ ಹಳ್ಳಿಯಿಂದ ಬಸ್ಸು ಹತ್ತಿ ಊರಿಗೆ ಬರುವವರು ಚೆನ್ನಾಗಿ ಬಲ್ಲರು.

ಈಗ ತಪ್ಪು ಯಾರದು? ಗಿರಾಕಿಯನ್ನು ಕೇಳಿದರೆ, ‘ಅಂಗಡಿಯವರು ಕೊಡ್ತಾರೆ, ಇಸ್ಕೋತೀವಿ’ ಎನ್ನುತ್ತಾರೆ. ಅಂಗಡಿಯವರನ್ನು ಕೇಳಿದರೆ, ‘ಕವರ್ ಇಲ್ಲ ಅಂದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ ಸ್ವಾಮಿ, ನಾನು ನೊಣ ಹೊಡೀಲಾ?’ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಕವರು ಬಿಟ್ಟಿ ಬರುವುದಿಲ್ಲ. ಅಂಗಡಿಯವರು ಅದನ್ನು ಕಾಸು ಕೊಟ್ಟೇ ತರುತ್ತಾರೆ. ಆ ಕಾಸು ಬೇಳೆ, ಬೆಲ್ಲದ ಬೆಲೆಯಲ್ಲಿ ಸೇರಿಕೊಂಡು ಗಿರಾಕಿಯ ಜೇಬಿನಿಂದಲೇ ಹೋಗುತ್ತದೆ.

ಕಾನೂನು ಇಲ್ಲ ಎನ್ನುವಂತಿಲ್ಲ. ರಾಜ್ಯ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ ಮುಂತಾದವನ್ನು ದೇಶದಾದ್ಯಂತ ನಿಲ್ಲಿಸಿತು. ಆದರೂ ಕವರು ಮಾರುಕಟ್ಟೆಯಲ್ಲಿ ಸಿಗುತ್ತಲೇ ಇದೆ. ದಾಳಿ ಎಂದಾಗ ಮೊದಲು ಸಿಕ್ಕಿಬೀಳುವುದು ತಳ್ಳುಗಾಡಿಯವರು, ಹೂವು ಮಾರುವ ಹೆಂಗಸರು. ಮೂಟೆಗಟ್ಟಲೆ ತರಿಸುವವರನ್ನು ಬಿಟ್ಟು, ನೂರು ಗ್ರಾಂ ಕವರು ಇಟ್ಟುಕೊಂಡವರನ್ನು ಹಿಡಿದರೆ ಗಿಡದ ಬುಡ ಬಿಟ್ಟು ಎಲೆ ಕಿತ್ತಂತೆ.

ಹಾಗೆಂದು ಸರ್ಕಾರ ಸರಿಹೋಗಲಿ ಎಂದು ಕಾಯುತ್ತಾ ಕೂರಬೇಕಾಗಿಯೂ ಇಲ್ಲ. ಅಂಗಡಿಯಲ್ಲಿ, ಮನೆಯಲ್ಲಿ ಬದಲಾಯಿಸಬಹುದಾದ್ದು ಬೇಕಾದಷ್ಟಿದೆ. ಬಹುಪಾಲು ಹೊಸದೇನೂ ಅಲ್ಲ, ಅಜ್ಜಿಯರ ಕಾಲದಲ್ಲಿ ಇದ್ದದ್ದೇ.

ಮೊದಲು ಚೀಲ. ಹಳೆಯ ಪ್ಯಾಂಟಿನ ಒಂದು ಕಾಲು ಸಾಕು, ಐದು ಕಿಲೋ ತರಕಾರಿ ಹೊರುವ ಚೀಲವಾಗುತ್ತದೆ. ಮಡಿಸಿದರೆ ಊಟದ ಡಬ್ಬಿಯ ಪಕ್ಕದಲ್ಲೇ ಜಾಗ. ಬಸ್ಸಿನಲ್ಲಿ ಓಡಾಡುವವರಿಗೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಸಂಜೆ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಸೊಪ್ಪು, ಹಣ್ಣು ಕೊಳ್ಳುವುದು ಅವರ ಪದ್ಧತಿ. ಬೆರಳು ಕೊಯ್ಯುವ ನಾಲ್ಕು ಕವರು ಹಿಡಿದು ಫುಟ್‌ಬೋರ್ಡಿನಲ್ಲಿ ನೇತಾಡುವುದಕ್ಕಿಂತ ಹೆಗಲಿಗೆ ಒಂದು ಚೀಲ ವಾಸಿ.

ಇಲ್ಲೊಂದು ಮೋಸವಿದೆ. ಅಂಗಡಿಗಳಲ್ಲಿ ‘ಬಟ್ಟೆ ಬ್ಯಾಗು’ ಎಂದು ಕೊಡುವ ಬಣ್ಣಬಣ್ಣದ ಚೀಲಗಳಲ್ಲಿ ಎಷ್ಟೋ ಬಟ್ಟೆಯೇ ಅಲ್ಲ. ಅದು ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ಕನ್ನೇ ಎಳೆಎಳೆಯಾಗಿ ಒತ್ತಿ ಮಾಡಿದ ಹಾಳೆ. ಅನುಮಾನ ಬಂದರೆ ಸಣ್ಣ ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ ನೋಡಬಹುದು. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಆದರೆ ಮುದುಡಿ ಕರಗಿ ತೊಟ್ಟಿಕ್ಕುತ್ತದೆ. ಕಾನೂನು ಪಾಲಿಸಿದೆನೆಂದು ನಂಬಿ ಇವನ್ನು ಕೊಂಡ ವರ್ತಕರು ದುಡ್ಡೂ ಕಳೆದುಕೊಂಡರು, ಪ್ಲಾಸ್ಟಿಕ್ಕನ್ನೂ ಹಂಚಿದರು.

ಪಕ್ಕದ ಅಂಗಡಿಗೆ ಗಿರಾಕಿ ಹೋಗುವ ಭಯಕ್ಕೂ ಮದ್ದಿದೆ. ಒಂದು ಬೀದಿಯ ಅಂಗಡಿಗಳವರೆಲ್ಲ ಕೂತು ಮಾತಾಡಿ, ಒಂದೇ ದಿನ ಕವರು ನಿಲ್ಲಿಸಿದರೆ ಗಿರಾಕಿ ಎಲ್ಲಿಗೆ ಹೋದಾರು? ಮರೆತು ಬಂದವರಿಗೆ ಹತ್ತಿ ಚೀಲ, ಅದಕ್ಕೆ ಡಿಪಾಜಿಟ್ಟು. ಚೀಲ ವಾಪಸ್ ತಂದರೆ ಹಣ ವಾಪಸ್. ಸೋಡಾ ಬಾಟಲಿಗೆ ನಡೆಯುತ್ತಿದ್ದ ಲೆಕ್ಕ ಚೀಲಕ್ಕೆ ನಡೆಯದೆ?

ಹೂವಿಗೆ ಕವರು ಯಾಕೆ ಬೇಕು? ದೇವರಾಜ ಮಾರುಕಟ್ಟೆಯಲ್ಲಿ ಹೂವೂ ಇದೆ, ಬಾಳೆ ಎಲೆಯೂ ಇದೆ, ನಾರೂ ಇದೆ. ಒಂದು ಮೊಳ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿದರೆ ರಾತ್ರಿವರೆಗೂ ಬಾಡದು. ಕವರಿನಲ್ಲಿ ಹಾಕಿದರೆ ಬೆವೆತು ಕಪ್ಪಾಗುತ್ತದೆ. ವ್ಯಾಪಾರದ ಲೆಕ್ಕದಲ್ಲೂ ಎಲೆಯೇ ಮೇಲು.

ಹೋಟೆಲಿನದು ಇನ್ನೊಂದು ಕಥೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಇಡ್ಲಿ ಮಾಡುವ 250ಕ್ಕೂ ಹೆಚ್ಚು ಕಡೆ ಪರೀಕ್ಷೆ ನಡೆಸಿದಾಗ, 50ಕ್ಕೂ ಹೆಚ್ಚು ಕಡೆ ತಟ್ಟೆಯ ಮೇಲೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಕೂಡಲೇ ಸರ್ಕಾರ ಅದನ್ನು ನಿಷೇಧಿಸುವುದಾಗಿ ಹೇಳಿತು. ಒದ್ದೆ ಬಟ್ಟೆ ಒಗೆಯುವ ಸೋಮಾರಿತನಕ್ಕೆ ಜನ ಹಬೆಯಲ್ಲಿ ಬೆಂದ ಪ್ಲಾಸ್ಟಿಕ್ಕಿನ ಅಂಶ ತಿನ್ನಬೇಕಾಯಿತು. ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಹಾಕುವುದೂ ಇದರ ತಮ್ಮನೇ. ಪಾರ್ಸೆಲ್ಲಿಗೆ ಸ್ಟೀಲ್ ಡಬ್ಬಿ ಒಯ್ಯುವುದು ನಾಚಿಕೆಯ ವಿಷಯವಲ್ಲ. ಡಬ್ಬಿ ತಂದವರಿಗೆ ಒಂದು ಸೌಟು ಸಾಂಬಾರು ಜಾಸ್ತಿ ಹಾಕಿದರೆ ಹೋಟೆಲಿನವರ ಗಂಟೇನೂ ಹೋಗುವುದಿಲ್ಲ.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಪೇಪರ್ ಕಪ್ಪು ಬರೀ ಪೇಪರಲ್ಲ. ಒಳಗೆ ಪ್ಲಾಸ್ಟಿಕ್ಕಿನ ತೆಳುಪೊರೆ ಇರುತ್ತದೆ, ಇಲ್ಲದಿದ್ದರೆ ಟೀ ಸೋರಿಹೋದೀತು. ಖರಗ್‌ಪುರದ ಐಐಟಿಯವರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 100 ಮಿಲಿಲೀಟರ್ ಬಿಸಿ ನೀರು ಇಂಥ ಕಪ್ಪಿನಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆ. ಬಿಸಿನೀರಲ್ಲಿ ತೊಳೆದ ಗಾಜಿನ ಲೋಟಕ್ಕೆ ಈ ರಗಳೆಯಿಲ್ಲ. ಇನ್ನು ಬಜ್ಜಿ ಬೋಂಡಾವನ್ನು ಪತ್ರಿಕೆಯಲ್ಲಿ ಕಟ್ಟುವುದು. ಎಣ್ಣೆಗೆ ಶಾಯಿ ಬಿಡುತ್ತದೆ. 2018ರ ಆಹಾರ ಪ್ಯಾಕಿಂಗ್ ನಿಯಮಗಳು ಇದನ್ನು ನಿಷೇಧಿಸಿವೆ. ಸಂಜೆ ಪತ್ರಿಕೆ ಇರುವುದು ಓದುವುದಕ್ಕೆ, ಬೋಂಡಾದ ಎಣ್ಣೆ ಹೀರುವುದಕ್ಕಲ್ಲ. ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆ ಇರುವ ನಾಡಿನಲ್ಲಿ ಅದಕ್ಕೆ ಬರವೂ ಇಲ್ಲ.

ಇನ್ನು ಗಂಟಿನ ಒಳಗಿನ ಅನ್ನ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ಒಬ್ಬರ ಲೆಕ್ಕದಲ್ಲಿ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದೆ. ತಿನ್ನಲಾಗದ ಸಿಪ್ಪೆ, ಮೂಳೆಯೂ ಇದರಲ್ಲಿ ಸೇರಿದೆ. ನಾಲ್ಕು ಜನರ ಮನೆಗೆ ಎರಡು ಕ್ವಿಂಟಲಿಗೂ ಹೆಚ್ಚು. ದಿನಸಿ ಅಂಗಡಿಯವರು ಈ ತೂಕವನ್ನು ಕಣ್ಣಿಗೆ ತಂದುಕೊಂಡರೆ ಸಾಕು.

ಇದಕ್ಕೆ ಮೊದಲ ಮದ್ದು ಅಳತೆ. ಕೈಯಂದಾಜಿಗೆ ಅಕ್ಕಿ ಸುರಿಯುವ ಬದಲು ಪಾವಿನಲ್ಲಿ ಅಳೆದು ಹಾಕಿದರೆ ರಾತ್ರಿಯ ಎರಡು ಸೌಟು ಉಳಿಯುವುದೇ ಇಲ್ಲ. ಉಳಿದರೂ ಆರಿಸಿ ಬೇಗ ಫ್ರಿಜ್ಜಿಗಿಟ್ಟರೆ ಬೆಳಿಗ್ಗೆ ಚಿತ್ರಾನ್ನ. ಇಲ್ಲವೇ ಅಕ್ಕಿಹಿಟ್ಟಿಗೆ ಕಲಸಿದರೆ ಮೆತ್ತನೆಯ ರೊಟ್ಟಿ. ಹುಳಿ ಮೊಸರು ಮಜ್ಜಿಗೆಹುಳಿಗೆ, ಹೀರೇಕಾಯಿ ಸಿಪ್ಪೆ ಚಟ್ನಿಗೆ, ಕಳಿತ ಬಾಳೆಹಣ್ಣು ರಸಾಯನಕ್ಕೆ. ಕೊತ್ತಂಬರಿಯನ್ನು ತಂದ ಕವರಿನಲ್ಲೇ ಬಿಡದೆ, ಬೇರು ಕತ್ತರಿಸಿ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ನಾಲ್ಕು ದಿನ ಹೆಚ್ಚು ಬಾಳುತ್ತದೆ. ಹಳಸಿದ್ದನ್ನು ತಿನ್ನಿ ಎಂದು ಯಾರೂ ಹೇಳುತ್ತಿಲ್ಲ. ಹಳಸುವ ಮುಂಚೆ ನೋಡಿ ಎಂದಷ್ಟೇ.

ಹಿಂದೆ ಪ್ರತಿ ಮನೆಯ ಹಿತ್ತಲಲ್ಲೂ ಕಲಗಚ್ಚಿನ ಪಾತ್ರೆ ಇರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಅದಕ್ಕೆ. ಹಸು ಸಾಕಿದವರು ಬಂದು ಒಯ್ಯುತ್ತಿದ್ದರು. ಹತ್ತಿರದಲ್ಲಿ ಹಸು ಇರುವ ಕಡೆ ಇದು ಈಗಲೂ ನಡೆಯುತ್ತದೆ. ಒಂದು ಎಚ್ಚರಿಕೆ ಬೇಕು: ಹಬ್ಬ, ಮದುವೆಯಲ್ಲಿ ಮಿಕ್ಕ ಅನ್ನ, ಪಾಯಸವನ್ನು ಪುಣ್ಯವೆಂದು ಹಸುವಿಗೆ ರಾಶಿ ಹಾಕಬಾರದು. ಹೊಟ್ಟೆಯಲ್ಲಿ ಹುಳಿ ಏರಿ ಹಸು ಸತ್ತೇಹೋಗಬಹುದು. ಹಸು ಇಲ್ಲದ ಬೀದಿಯಲ್ಲಿ ತೂತು ಮಾಡಿದ ಹಳೆ ಮಡಕೆ ಸಾಕು. ಒಂದು ಪದರ ಸಿಪ್ಪೆ, ಒಂದು ಪದರ ಒಣ ಎಲೆ. ಎರಡು ಮೂರು ತಿಂಗಳಲ್ಲಿ ದಾಸವಾಳದ ಗಿಡಕ್ಕೆ ಗೊಬ್ಬರ.

ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ಸೀಳಿ ಅಂಟಿಕೊಂಡಂತೆ ಬಿಡಬೇಕು. ಆ ಚೂರನ್ನು ಯಾವ ಗುಜರಿಯವನೂ ಆರಿಸುವುದಿಲ್ಲ, ಚರಂಡಿಗೇ ಹೋಗುತ್ತದೆ. ಪ್ಯಾಕೆಟ್ಟನ್ನು ತೊಳೆದು ಕವುಚಿ ಒಣಗಿಸಿದರೆ ಅದು ಕಸವಲ್ಲ, ಸರಕು.

ಜನ ಇಷ್ಟು ಮಾಡಿದ ಮೇಲೆ ಪಾಲಿಕೆಗಳವರಿಗೂ ಒಂದು ಮಾತು. ಮನೆಯವರು ಬೇರೆ ಮಾಡಿ ಕೊಟ್ಟ ಕಸ ಗಾಡಿಯಲ್ಲಿ ಒಂದಾಗಿ ಬೆರೆತರೆ ಮಾರನೇ ದಿನದಿಂದ ಯಾರೂ ಬೇರೆ ಮಾಡುವುದಿಲ್ಲ. ಒಂದು ಸಲ ಕಳೆದ ನಂಬಿಕೆ ಕರಪತ್ರ ಹಂಚಿದರೆ ವಾಪಸ್ ಬರದು. ಗಾಡಿಯಲ್ಲಿ ಎರಡು ಭಾಗ ಇರಲಿ, ಗಾಡಿ ಹೇಳಿದ ಹೊತ್ತಿಗೆ ಬರಲಿ, ಪೌರಕಾರ್ಮಿಕರ ಕೈಗೆ ಗ್ಲೌಸು ಇರಲಿ. ದಂಡದ ಪುಸ್ತಕ ತಳ್ಳುಗಾಡಿಗೆ ಮುಂಚೆ ಕವರಿನ ಸಗಟು ಗೋದಾಮಿನ ಬಾಗಿಲಲ್ಲಿ ತೆರೆಯಲಿ.

ಅಲ್ಲಿಯವರೆಗೆ ಮನೆಯವರು ಮಾಡಬೇಕಾದ್ದು ಸಣ್ಣದು. ಇವತ್ತು ರಾತ್ರಿ ಊಟವಾದ ಮೇಲೆ ಬಾಗಿಲ ಹಿಂದಿನ ಕವರಿಗೆ ಕೈ ಹಾಕುವ ಮುಂಚೆ ಒಂದು ಹಳೇ ಬಕೆಟ್ಟು ಹುಡುಕಲಿ. ಸಿಪ್ಪೆ ಅದಕ್ಕೆ ಹೋಗಲಿ, ಕವರು ತೊಳೆದು ತಂತಿಗೆ ಬೀಳಲಿ. ನಾಳೆ ಬೆಳಿಗ್ಗೆ ಕಂಬದ ಬುಡಕ್ಕೆ ಬಂದ ಹಸುವಿಗೆ ನುಂಗಲು ಗಂಟೇ ಸಿಗದಿರಲಿ.