ರಾತ್ರಿ ಹತ್ತಕ್ಕೆ ಕುಣಿಯೋದು ಹಠ ಅಲ್ಲ

ಭಾಗ 1/6

"ಎರಡು ಬಿಟ್ರೆ ತಾನಾಗೇ ಮಲ್ಗುತ್ತೆ."

ರಾತ್ರಿ ಹತ್ತಾದ್ರೂ ಹಾಸಿಗೆ ಮೇಲೆ ಕುಣಿಯೋ ಮಗು ಇರೋ ಮನೇಲಿ ಈ ಮಾತು ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ. ಅಜ್ಜಿ ಹೇಳ್ದೇ ಇದ್ರೆ ಪಕ್ಕದ್ಮನೆಯವರು, ಅವರೂ ಬಿಟ್ರೆ ಮದುವೆ ಮನೇಲಿ ಸಿಕ್ಕ ದೊಡ್ಡಪ್ಪ. ಅದರ ಹಿಂದೇನೇ ಇನ್ನೊಂದು ಬರುತ್ತೆ: "ಅವ್ರಮ್ಮ ಮುದ್ದು ಮಾಡಿ ಹಾಳು ಮಾಡಿದ್ಲು."

ಎಡಿಎಚ್‌ಡಿ ಇರೋ ಮಗುವಿನ ವಿಷಯದಲ್ಲಿ ಈ ಎರಡೂ ಮಾತು ಸುಳ್ಳು. ಬರೀ ಸುಳ್ಳಾಗಿದ್ರೆ ಹೋಗ್ಲಿ ಅಂತ ಬಿಡಬಹುದಿತ್ತು. ಇವು ಆ ಮಗುವಿನ ನಿದ್ದೆಯನ್ನ ಇನ್ನಷ್ಟು ಕೆಡಿಸ್ತವೆ. ಮನೇಲಿ ಅಂಥ ತಮ್ಮನೋ ತಂಗಿಯೋ ಇರೋರು ಪೂರ್ತಿ ಓದಿ. ಪರೀಕ್ಷೆ ಹಿಂದಿನ ದಿನ ಓದಕ್ಕಾಗದೆ "ನಂಗೂ ಎಡಿಎಚ್‌ಡಿ" ಅಂತ ಸ್ಟೋರಿ ಹಾಕೋರು ಎರಡು ಸಲ ಓದಿ.

ಭಾಗ 2/6

ಎಡಿಎಚ್‌ಡಿ ಅನ್ನೋದು ಮೆದುಳು ಬೆಳೆಯೋ ರೀತಿಗೆ ಸಂಬಂಧಪಟ್ಟಿದ್ದು. ಗಮನ ಒಂದು ಕಡೆ ನಿಲ್ಲಿಸೋದು, ಕೈಕಾಲು ಸುಮ್ಮನಿಡೋದು, ತಲೆಗೆ ಬಂದದ್ದನ್ನ ತಡೆಯೋದು, ಈ ಮೂರೂ ಆ ಮಗುವಿಗೆ ಕಷ್ಟ. ಈಗ ಯೋಚ್ನೆ ಮಾಡಿ: ಕತ್ತಲಲ್ಲಿ ಸುಮ್ಮನೆ ಮಲಗಿ ನಿದ್ದೆಗೆ ಕಾಯೋದು ಅಂದ್ರೆ ಈ ಮೂರನ್ನೂ ಒಟ್ಟಿಗೆ ಮಾಡೋದು!

ಇನ್ನೊಂದು ವಿಷಯ. ಕತ್ತಲಾದ ಮೇಲೆ ನಮ್ಮ ದೇಹದಲ್ಲಿ ಮೆಲಟೋನಿನ್ ಏರುತ್ತೆ, "ಈಗ ರಾತ್ರಿ" ಅಂತ ದೇಹಕ್ಕೆ ಹೇಳೋದು ಅದೇ. ಎಡಿಎಚ್‌ಡಿ ಇದ್ದು ನಿದ್ದೆ ತಡವಾಗೋ ಮಕ್ಕಳಲ್ಲಿ ಅನೇಕರಿಗೆ ಅದು ಏರೋದೇ ತಡ. ಅಂಥ ಮಗುವಿಗೆ ಹೊಡೆದ್ರೆ ಏನಾಗುತ್ತೆ? ಭಯಕ್ಕೆ ಎದೆ ಡವಗುಟ್ಟಿ ಇನ್ನೂ ಎಚ್ಚರ ಆಗುತ್ತೆ. ಅತ್ತು ಸುಸ್ತಾಗಿ ಮಲಗಿದ್ದನ್ನ ನೋಡಿ "ಬುದ್ಧಿ ಬಂತು" ಅಂತಾರೆ. ಅದಕ್ಕೆ ಬಂದ ಬುದ್ಧಿ ಇಷ್ಟೇ: ಹಾಸಿಗೆ ಅಂದ್ರೆ ಏಟು ಬೀಳೋ ಜಾಗ.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಹನ್ನೊಂದಕ್ಕೆ ಮಲಗಿ, ಸ್ಕೂಲ್ ಬಸ್ಸಿಗೆ ಆರಕ್ಕೆ ಎದ್ರೆ ಸಿಗೋದು 7. ನಿದ್ದೆಗೆಟ್ಟ ದೊಡ್ಡವರು ತೂಕಡಿಸ್ತಾರೆ, ನಿದ್ದೆಗೆಟ್ಟ ಮಕ್ಕಳು ಇನ್ನೂ ಚಡಪಡಿಸ್ತಾರೆ. ಸ್ಕೂಲಿಂದ ಕಂಪ್ಲೇಂಟ್ ಬರುತ್ತೆ, ಸಂಜೆ ಮತ್ತೆ ಬೈಗುಳ, ರಾತ್ರಿ ಮತ್ತೆ ಅದೇ ಕಥೆ.

ಭಾಗ 3/6

ಈಗ ನಮ್ಮೂರಿನ ವಿಷಯಕ್ಕೆ ಬರೋಣ ಮಾರಾಯ್ರೇ.

ಬಾಳೆಹೊನ್ನೂರಲ್ಲಿ 1925ರಿಂದ ಕಾಫಿ ಸಂಶೋಧನೆ ನಡೀತಿದೆ. ಯಾವ ಗಿಡಕ್ಕೆ ಎಷ್ಟು ನೆರಳು ಅಂತ ಇಲ್ಲಿ ಎಲ್ರಿಗೂ ಬಾಯಿಪಾಠ. ಅದೇ ಮನೇಲಿ ಏಳು ವರ್ಷದ ಮಗುವಿಗೆ ಸಂಜೆ ಆರಕ್ಕೆ ಲೋಟ ತುಂಬ ಕಾಫಿ! ಕೇಳಿದ್ರೆ "ಹಾಲೇ ಜಾಸ್ತಿ". ದೊಡ್ಡವರ ದೇಹದಿಂದಲೇ ಕುಡಿದ ಕೆಫೀನಿನ ಅರ್ಧ ಹೋಗಕ್ಕೆ ಸುಮಾರು 5 ಗಂಟೆ ಬೇಕು. ರೋಬಸ್ಟಾ ಆದ್ರೆ ಅರೇಬಿಕಾಕ್ಕಿಂತ ಹತ್ತತ್ರ ಎರಡು ಪಟ್ಟು ಕೆಫೀನ್. ಮಗುವಿಗೆ ಬಿಸಿ ಬೇಕಾ? ಹಾಲು ಕೊಡಿ, ಜೀರಿಗೆ ಕಷಾಯ ಕೊಡಿ.

ಆಮೇಲೆ ಮೊಬೈಲ್. ಮಗುವಿನ ಪಕ್ಕದಲ್ಲೇ ಬಿದ್ಕೊಂಡು ಸೌಂಡ್ ಇಟ್ಟು ರೀಲ್ಸ್ ನೋಡೋದು ಅಜ್ಜಿ ಅಲ್ಲ, ನಮ್ಮ ವಯಸ್ಸಿನ ಅಣ್ಣ-ಅಕ್ಕಂದಿರು. ಆ ಬೆಳಕು ಮೆಲಟೋನಿನ್ ಏರೋದನ್ನ ತಡೆಯುತ್ತೆ. ಬೈಸ್ಕೊಳ್ಳೋದು ಮಾತ್ರ ಮಗು ಮತ್ತು ಅಮ್ಮ.

ಭಾಗ 4/6

ಹಾಗಾದ್ರೆ ಏನು ಮಾಡ್ಬೇಕು? 2015ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಎಡಿಎಚ್‌ಡಿ ಇರೋ 244 ಮಕ್ಕಳಿದ್ರು. ಅರ್ಧದಷ್ಟು ಮನೆಯವರಿಗೆ ಮಲಗಿಸೋ ಕ್ರಮವನ್ನ ಎರಡು ಭೇಟಿ, ಒಂದು ಫೋನ್ ಕಾಲಲ್ಲಿ ಹೇಳಿಕೊಟ್ರು. ಆ ಮಕ್ಕಳ ನಿದ್ದೆ ಸುಧಾರಿಸ್ತು, ಎಡಿಎಚ್‌ಡಿ ಲಕ್ಷಣಗಳೂ ಸ್ವಲ್ಪ ತಗ್ಗಿದ್ವು. ಕ್ರಮ ಅಂದ್ರೆ ಇಂಥದ್ದು:

▪️ ಏಳೋ ಹೊತ್ತು ದಿನಾ ಒಂದೇ, ಭಾನುವಾರನೂ. ಎದ್ದ ಕೂಡ್ಲೆ ಹೊರಗಿನ ಬೆಳಕು. ಜುಲೈ ಮಳೇಲಿ ಬಿಸಿಲೆಲ್ಲಿ ಅನ್ಬೇಡಿ, ಮೋಡದ ಬೆಳಕೂ ಒಳಗಿನ ಬಲ್ಬಿಗಿಂತ ಜಾಸ್ತಿ. ಜಗಲೀಲಿ ಕೂತು ತಿಂಡಿ ತಿನ್ಲಿ.
▪️ ಕತ್ತಲಾಗೋ ಮುಂಚೆ ಮೈ ಬೆವರೋ ಹಾಗೆ ಆಟ.
▪️ ಮಲಗೋಕೆ ಒಂದು ಗಂಟೆ ಮುಂಚೆ ಟಿವಿ, ಫೋನ್ ಬಂದ್. ಸ್ನಾನ, ಹಲ್ಲುಜ್ಜೋದು, ಕಥೆ, ದೀಪ ಆರಿಸೋದು, ದಿನಾ ಇದೇ ಸಾಲಲ್ಲಿ. ಚಿತ್ರ ಬರೆದು ಗೋಡೆಗೆ ಅಂಟಿಸಿ.
▪️ ಒಂದು ಸಲಕ್ಕೆ ಒಂದೇ ಮಾತು. "ಹಲ್ಲುಜ್ಜಿ ಬಟ್ಟೆ ಬದಲಾಯ್ಸಿ ಬ್ಯಾಗ್ ಇಟ್ಟು ಮಲ್ಗು" ಅಂದ್ರೆ ಅದಕ್ಕೆ ಕೇಳಿಸೋದು ಅರ್ಧ.
▪️ ಹನ್ನೊಂದಕ್ಕೆ ನಿದ್ದೆ ಬರೋ ಮಗುವನ್ನ ಒಂಬತ್ತಕ್ಕೆ ಒತ್ತಿ ಮಲಗಿಸ್ಬೇಡಿ. ಹತ್ತೂಮುಕ್ಕಾಲಿಂದ ಶುರು ಮಾಡಿ, ಕೆಲವು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ.

"ಲೈನ್ ಮನೇಲಿ ಇರೋದೇ ಒಂದು ರೂಮು, ಇದೆಲ್ಲ ಎಲ್ಲಿ?" ನ್ಯಾಯವಾದ ಪ್ರಶ್ನೆ. ಮಗುವಿಗೆ ಬೇರೆ ಬೆಡ್‌ರೂಮ್ ಕೊಡಿ ಅನ್ನೋ ರೀಲ್ಸ್ ನಮ್ಮ ತೋಟಗಳಿಗೆ ಮಾಡಿದ್ದಲ್ಲ. ಆದ್ರೆ ಒಂದೇ ರೂಮಲ್ಲೂ ಟಿವಿ ಆರಿಸಬಹುದು, ಅದೇ ಸಾಲು ಪಾಲಿಸಬಹುದು. ಆಗದೇ ಇರೋದು ಒಂದೇ: ಕೊಯ್ಲಿನ ದಿನಗಳಲ್ಲಿ ಇಡೀ ದಿನ ಹಣ್ಣು ಬಿಡಿಸಿ ಬಂದ ಅಮ್ಮ ಇದನ್ನೆಲ್ಲ ಒಬ್ಳೇ ಮಾಡೋದು. ಅದಕ್ಕೇ ಇದನ್ನ ನಿಮಗೆ ಬರೀತಿರೋದು.

ಭಾಗ 5/6

ಸಿರಪ್ ಹಾಕಿ ಮಲಗಿಸೋದನ್ನ ಮೊದ್ಲು ನಿಲ್ಲಿಸಿ. ನೆಗಡಿ ಸಿರಪ್ ಕೆಲವು ಮಕ್ಕಳಿಗೆ ಉಲ್ಟಾ ಹೊಡೆದು ಇನ್ನೂ ಕುಣಿಸುತ್ತೆ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಸೇರಿದ ಔಷಧಿಯನ್ನ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಬಾಟಲಿ ಮೇಲೇ ಬರೀಬೇಕು ಎಂದು 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಹೇಳಿದಾರೆ. ಆನ್‌ಲೈನಲ್ಲಿ ಸಿಗೋ ಮೆಲಟೋನಿನ್ ಗಮ್ಮಿಯೂ ಚಾಕ್ಲೇಟ್ ಅಲ್ಲ. ಬೇಕಾ ಬೇಡ್ವಾ, ಎಷ್ಟು, ಯಾವಾಗ ಅಂತ ಡಾಕ್ಟರ್ ಹೇಳ್ಬೇಕು.

ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್ ತಗೊಳ್ತಿದ್ರೆ ಅದರಿಂದಲೂ ನಿದ್ದೆ ತಡ ಆಗಬಹುದು. ನೀವಾಗೇ ನಿಲ್ಲಿಸ್ಬೇಡಿ, ಡಾಕ್ಟರಿಗೆ ಹೇಳಿ, ಕೊಡೋ ಹೊತ್ತು ಬದಲಾಯಿಸಬಹುದು. ಮಗು ಜೋರಾಗಿ ಗೊರಕೆ ಹೊಡೀತಿದ್ರೆ, ರಾತ್ರಿ ಕಾಲು ಒಂಥರಾ ಆಗುತ್ತೆ ಅಂತ ಒದರ್ತಿದ್ರೆ ಅದನ್ನೂ ಹೇಳಿ. ಮೂಗಿನ ಹಿಂದಿನ ಗಡ್ಡೆ, ಕಬ್ಬಿಣದ ಕೊರತೆ ಕೂಡ ನಿದ್ದೆ ಕೆಡಿಸ್ತವೆ.

ಭಾಗ 6/6

"ಇಲ್ಲಿ ಎಲ್ಲಿದ್ದಾರೆ ಮಕ್ಕಳ ಮನೋವೈದ್ಯರು?" ಸರಿ, ಕಳಸದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ 300 ಕಿ.ಮೀ.ಗೂ ಜಾಸ್ತಿ. ಆದ್ರೆ ನಮ್ಮ ಹಕ್ಕನ್ನೂ ನಾವು ಕೇಳ್ತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗಿನ ಮಕ್ಕಳಲ್ಲಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟೀಲಿ ಎಡಿಎಚ್‌ಡಿ ಹೆಸರು ಹಾಕಿದೆ. ತಂಡ ಸರ್ಕಾರಿ ಶಾಲೆಗೆ ಬಂದಾಗ ತೂಕ, ಹಲ್ಲು, ಕಣ್ಣಿಗೇ ಮುಗಿಸೋಕೆ ಬಿಡ್ಬೇಡಿ. "ಇದನ್ನೂ ನೋಡಿ, ಬರೆದುಕೊಡಿ" ಅನ್ನಿ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ, ಎಡಿಎಚ್‌ಡಿ ಹೆಸರು ಮಾತ್ರ ಇಲ್ಲ. ಇದನ್ನ ಯಾರೂ ಕೇಳಲ್ಲ, ಯಾಕಂದ್ರೆ ಎಲ್ರಿಗೂ ಇದು ಇನ್ನೂ "ಹಠ".

ಇವತ್ತೇ ಮಾತಾಡ್ಬೇಕು ಅಂದ್ರೆ ಟೆಲಿ-ಮಾನಸ್: 14416. ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ.

ಈ ಪೋಸ್ಟ್ ಸೇವ್ ಮಾಡಿ ಮರೀಬೇಡಿ. ಇವತ್ತು ಊಟ ಆದ್ಮೇಲೆ ನಿಮ್ಮ ಫೋನನ್ನ ಅಡುಗೆಮನೆ ಗೂಡಲ್ಲಿಟ್ಟು, ತಮ್ಮನಿಗೋ ತಂಗಿಗೋ ಒಂದು ಕಥೆ ಹೇಳಿ. ಅಮ್ಮನಿಗೆ "ನೀನು ಮಲ್ಗು, ನಾನು ನೋಡ್ಕೋತೀನಿ" ಅನ್ನಿ.

#ಎಡಿಎಚ್‌ಡಿ #ಮಕ್ಕಳನಿದ್ದೆ #ಹಠಅಲ್ಲ #ಚಿಕ್ಕಮಗಳೂರು #ಮೂಡಿಗೆರೆ #ಕಳಸ