ಮೋಡದ ಮೇಲೆ ಮನೆ ಕಟ್ಟಬೇಡಿ



ಕಳೆದ ಯುವಜನರ ಸಭೆಯಲ್ಲಿ ಒಂದು ಸಣ್ಣ ಮಾತಿಗೆ ದೊಡ್ಡ ವಾದವೇ ಆಯಿತು. ಧರ್ಮಕೇಂದ್ರದ ಫೋಟೋ, ವಿಡಿಯೋ, ಹಾಡಿನ ರೆಕಾರ್ಡಿಂಗ್ ಎಲ್ಲ ಇಡೋಕೆ ಎರಡು ಹಾರ್ಡ್ ಡಿಸ್ಕ್ ಕೊಳ್ಳೋಣ ಎಂದು ನಾವು ಹೇಳಿದೆವು. ಹಿಂದಿನ ಸಾಲಿನಿಂದ ಒಬ್ಬ ತಮ್ಮ, “ಯಾವ ಕಾಲದಲ್ಲಿದ್ದೀರಣ್ಣ? ಎಲ್ಲಾ ಕ್ಲೌಡ್‌ಗೆ ಹಾಕಿ ಲಿಂಕ್ ಕಳಿಸಿದ್ರೆ ಮುಗೀತಲ್ಲ” ಅಂದ. ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಹೋದಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಮಾತಿಗೆ ನಮ್ಮ ಉತ್ತರ ಇಲ್ಲಿದೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದಲ್ಲಿ ನಾವು ಮನೆಮನೆಗೆ ಹೋಗಿ ನಮ್ಮ ಅಜ್ಜಿಯರು ಹಾಡುವ ಪಾಡುಗಳ ಹಾಡುಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆವು. ಹಾಡಿನ ನಡುವೆ ಅವರು ಹಳೇ ಬರಗಾಲದ ಕಥೆ ಹೇಳುತ್ತಿದ್ದರು, ಕೂಲಿಗೆ ಬಳ್ಳಾರಿಗೆ ನಡೆದುಹೋದದ್ದನ್ನು ಹೇಳುತ್ತಿದ್ದರು. ಅವರ ಮಾತು ಬೆಂಗಳೂರಿನ ಕನ್ನಡವಲ್ಲ, ಪುಸ್ತಕದ ಕನ್ನಡವೂ ಅಲ್ಲ. ಅರ್ಧ ವಾಕ್ಯಕ್ಕೆ ತೆಲುಗು ಬಂದು ಸೇರಿಕೊಳ್ಳುವ ನಮ್ಮ ಗಡಿಯ ಕನ್ನಡ. ಎಲ್ಲವನ್ನೂ ಒಂದು ಆನ್‌ಲೈನ್ ಖಾತೆಗೆ ಹಾಕಿದೆವು. “ಮೇಲೆ ಇದೆಯಲ್ಲ” ಅಂತ ಫೋನಿನಲ್ಲಿದ್ದದ್ದನ್ನು ಜಾಗಕ್ಕಾಗಿ ಅಳಿಸಿದೆವು.

ಖಾತೆ ಇದ್ದದ್ದು ನಮ್ಮಲ್ಲೊಬ್ಬ ಅಣ್ಣನ ನಂಬರಿಗೆ. ಅವನು ಕೆಲಸಕ್ಕೆ ಬೆಂಗಳೂರಿಗೆ ಹೋದ, ಹೊಸ ಸಿಮ್ ತೊಗೊಂಡ. ಹಳೇ ನಂಬರ್‌ಗೆ ರೀಚಾರ್ಜ್ ನಿಂತು ಅದು ಬೇರೆ ಯಾರಿಗೋ ಹೋಯಿತು. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಒಟಿಪಿ ಹೋಗುವುದು ಗುರುತಿಲ್ಲದವರ ಫೋನಿಗೆ. ಸಹಾಯವಾಣಿಗೆ ಬರೆದರೆ ಯಂತ್ರದ ಉತ್ತರ. ಆ ಅಜ್ಜಿಯರಲ್ಲಿ ಇಬ್ಬರು ಈಗ ಪ್ರಭುವಿನಲ್ಲಿ ನಿದ್ರಿಸಿದ್ದಾರೆ. ಒಬ್ಬರ ಮಗಳು ನಮ್ಮ ಹತ್ತಿರ ಬಂದು, “ನಮ್ಮವ್ವನ ದನಿ ಒಂದ್ಸಲ ಕೇಳಿಸ್ರಪ್ಪ” ಅಂದಾಗ ನಾವು ತಲೆ ತಗ್ಗಿಸಿ ನಿಂತೆವು.

ಇಲ್ಲಿ ತಪ್ಪು ಕ್ಲೌಡ್‌ನದಲ್ಲ, ನಿಮ್ಮದೇ ಎನ್ನಬಹುದು. ಒಪ್ಪುತ್ತೇವೆ. ಆದರೆ ಆ ತಪ್ಪಿಗೆ ಧೈರ್ಯ ಕೊಟ್ಟದ್ದು “ಮೇಲೆ ಇದೆಯಲ್ಲ” ಎಂಬ ಎರಡು ಪದ. ನಮ್ಮ ಜಗಳ ಆ ಎರಡು ಪದದ ಜೊತೆ.

ಮೇಲೆ ಎಲ್ಲಿದೆ? ಮೋಡದಲ್ಲಿ ಏನೂ ಇಲ್ಲ. ಇರುವುದು ಇನ್ನೊಬ್ಬರ ಕಟ್ಟಡದಲ್ಲಿ, ಇನ್ನೊಬ್ಬರ ಡಿಸ್ಕಿನಲ್ಲಿ. ಆ ಕಟ್ಟಡಕ್ಕೂ ಬೆಂಕಿ ಬೀಳುತ್ತದೆ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ದೊಡ್ಡ ಕಂಪನಿಯ ಡೇಟಾ ಕೇಂದ್ರ ಸುಟ್ಟಿತು, ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಗಿರಾಕಿಗಳು ಎಲ್ಲ ಕಳೆದುಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೇ ಬೆಂಕಿ ಬಿದ್ದು, ಸರ್ಕಾರಿ ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್‌ನ ಸಂಗ್ರಹ ಹೋಯಿತು. ಅದಕ್ಕೆ ಹೊರಗೆ ಬೇರೆ ಪ್ರತಿಯೇ ಇರಲಿಲ್ಲ. ಬೆಂಕಿಯೇ ಬೇಕಿಲ್ಲ. ಮೈಸ್ಪೇಸ್ ಎಂಬ ತಾಣ 2019ರಲ್ಲಿ, ಸರ್ವರ್ ಬದಲಾಯಿಸುವಾಗ ಹನ್ನೆರಡು ವರ್ಷ ಜನ ಹಾಕಿದ್ದ ಹಾಡುಗಳು ಹೋದವು ಎಂದು ಒಪ್ಪಿಕೊಂಡಿತು. ಆ ಕಾಲದ ಎಷ್ಟೋ ಹುಡುಗರಿಗೆ ಅದೇ ಒಂದೇ ಪ್ರತಿಯಾಗಿತ್ತು.

ಎರಡನೆಯ ಮಾತು, “ಫ್ರೀ ಅಲ್ವಾ?” ಗೂಗಲ್ ಫೋಟೋಸ್ ಮೊದಲು ಎಷ್ಟು ಬೇಕಾದರೂ ಹಾಕಿ ಎಂದಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಎಲ್ಲಕ್ಕೂ ಸೇರಿ 15 ಜಿಬಿ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಅದರಲ್ಲೇ ಲೆಕ್ಕ. ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸಬಹುದು ಎಂಬ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಾಯಿತು. ಇದನ್ನು ಕಂಪನಿಯ ಮೋಸ ಎಂದು ನಾವು ಹೇಳುತ್ತಿಲ್ಲ. ಮನೆ ಅವರದು, ಬಾಡಿಗೆಯ ಷರತ್ತೂ ಅವರದು. ಬಾಡಿಗೆ ಮನೆಯಲ್ಲಿ ಇರಬಹುದು, ಆದರೆ ಅಪ್ಪನ ಜಮೀನಿನ ಪತ್ರವನ್ನು ಅದರ ಅಟ್ಟದ ಮೇಲೆ ಬಿಟ್ಟು ಮರೆಯುತ್ತೀರಾ?

ನಮಗೆ ಗಡಿಯವರಿಗೆ ಈ ಪಾಠ ಹೊಸದಲ್ಲ. ರಾಯದುರ್ಗ ತಾಲೂಕು 1953ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಯಾರೂ ಮನೆ ಬದಲಾಯಿಸಲಿಲ್ಲ, ತೀರ್ಮಾನ ದೂರದಲ್ಲಿ ಆಯಿತು. ಆದರೆ ಅಜ್ಜಿ ಟ್ರಂಕಿನಲ್ಲಿಟ್ಟ ಜ್ಞಾನಸ್ನಾನದ ಚೀಟಿ ಟ್ರಂಕಿನಲ್ಲೇ ಇತ್ತು. ದೂರದವರ ತೀರ್ಮಾನ ಬದಲಾದಾಗ ಕೈಯಲ್ಲಿದ್ದದ್ದು ಉಳಿಯುತ್ತದೆ.

ಮೂರನೆಯದು ಲೆಕ್ಕ. ನಮ್ಮ ಧರ್ಮಕೇಂದ್ರದ ವಿಡಿಯೋ, ಫೋಟೋ ಸೇರಿ 100 ಜಿಬಿ ಇದೆ ಎಂದುಕೊಳ್ಳಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಇರುವುದು ಫೋನಿನ ನೆಟ್, ದಿನಕ್ಕೆ 1.5 ಜಿಬಿ. ಬೇರೆ ಏನೂ ನೋಡದೆ ಬರೀ ಅಪ್‌ಲೋಡ್ ಮಾಡಿದರೂ 67 ದಿನ. ಮರಳಿ ಇಳಿಸಿಕೊಳ್ಳಲು ಇನ್ನೊಂದು 67 ದಿನ. ಹಾರ್ಡ್ ಡಿಸ್ಕಿಗೆ ಅದೇ 100 ಜಿಬಿ ನಕಲು ಮಾಡಲು ಒಂದು ಬಲಿಪೂಜೆಯಷ್ಟು ಹೊತ್ತು ಸಾಕು.

ನಾಲ್ಕನೆಯದನ್ನು ಎಲ್ಲರೂ ಗಮನವಿಟ್ಟು ಓದಿ. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಫೋನಿನಲ್ಲಿ ಫೋಟೋ ಅಳಿಸಿದರೆ ಸಿಂಕ್ ಆದ ಕಡೆಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಡ್ರೈವ್ 30 ದಿನ, ಫೋಟೋಸ್ 60 ದಿನ ಇಟ್ಟುಕೊಳ್ಳುತ್ತದೆ, ಆಮೇಲೆ ಇಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ವೈರಸ್ ಲೋಕದ ತುಂಬ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ನಮ್ಮ ಆಂಧ್ರದ ಪೊಲೀಸರ ಕಂಪ್ಯೂಟರ್‌ಗಳೂ ಅದಕ್ಕೆ ಸಿಕ್ಕವು. ಅಂಥ ವೈರಸ್ ಬಂದರೆ ಬೀಗ ಬಿದ್ದ ಕಡತವೇ ಸಿಂಕ್ ಆಗಿ ಮೇಲೆ ಹೋಗುತ್ತದೆ. ಕೇಬಲ್ ತೆಗೆದು ಬೀರುವಿನಲ್ಲಿಟ್ಟ ಡಿಸ್ಕನ್ನು ಯಾವ ವೈರಸ್ಸೂ ಮುಟ್ಟಲಾರದು.

ಹಾಗೆಂದು ಪೆನ್‌ಡ್ರೈವ್ ಪಕ್ಷದ ಹಿರಿಯರು ಗೆದ್ದೆವೆಂದು ಚಪ್ಪಾಳೆ ತಟ್ಟಬೇಡಿ. ನಿಮ್ಮ ಮೇಲೂ ದೂರು ಇದೆ. ಮದುವೆಯ ವಿಡಿಯೋ ಇರುವ ಒಂದೇ ಡಿವಿಡಿಯನ್ನು ಟಿವಿ ಹಿಂದೆ ಸಿಕ್ಕಿಸಿದ್ದೀರಿ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ, ಕಿಟಕಿಯ ಬಿಸಿಲಿನಲ್ಲಿ, ಆ ಡಿಸ್ಕಿನ ಬಣ್ಣದ ಪದರ ಕೆಡುತ್ತದೆ. ಪೆನ್‌ಡ್ರೈವ್ ಸಾಗಿಸುವುದಕ್ಕೆ ಮಾಡಿದ ವಸ್ತು, ವರ್ಷಗಟ್ಟಲೆ ಸುಮ್ಮನೆ ಬಿದ್ದರೆ ಅದರೊಳಗಿನ ವಿದ್ಯುತ್ ಗುರುತು ನಿಧಾನಕ್ಕೆ ಸೋರಿಹೋಗಬಹುದು. ಹಾರ್ಡ್ ಡಿಸ್ಕೂ ಸಾಯುತ್ತದೆ, ಕೆಳಗೆ ಬಿದ್ದರೆ ಅವತ್ತೇ. ಕಂಪ್ಯೂಟರ್ ಪಕ್ಕದಲ್ಲೇ ಡಿಸ್ಕ್ ಇಟ್ಟರೆ ಕಳ್ಳ ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತಾನೆ. ಒಂದೇ ಪ್ರತಿ ಎಲ್ಲಿದ್ದರೂ, ಮೋಡದಲ್ಲಾಗಲಿ ಬೀರುವಿನಲ್ಲಾಗಲಿ, ಅದು ಮರಳ ಮೇಲಿನ ಮನೆಯೇ.

ಇದು ಕಂಪ್ಯೂಟರ್ ಓದಿದವರು ಕಂಡುಹಿಡಿದ ವಿದ್ಯೆಯಲ್ಲ. ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯ ತೆಗೆದು ನೋಡಿ. ಊರಿಗೆ ಮುತ್ತಿಗೆ ಬಿದ್ದಿದೆ, ಪ್ರವಾದಿ ಹೊಲ ಕೊಳ್ಳುತ್ತಾನೆ. ಕ್ರಯಪತ್ರಕ್ಕೆ ಎರಡು ಪ್ರತಿ, ಒಂದು ಮುದ್ರೆ ಹಾಕಿದ್ದು, ಒಂದು ತೆರೆದದ್ದು. ಬಹಳ ದಿನ ಬಾಳಲಿ ಎಂದು ಎರಡನ್ನೂ ಮಣ್ಣಿನ ಮಡಕೆಯಲ್ಲಿ ಇಡಲು ಬಾರೂಕನಿಗೆ ಹೇಳುತ್ತಾನೆ. ಮುಂದೆ 36ನೆಯ ಅಧ್ಯಾಯದಲ್ಲಿ ಅರಸನು ಸುರುಳಿಯನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ, ಬಾರೂಕ ಮೊದಲಿನಿಂದ ಮತ್ತೆ ಬರೆಯುತ್ತಾನೆ. 1812ರ ಮಾರ್ಚ್ 11ರಂದು ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯವರ ಮುದ್ರಣಾಲಯ ಸುಟ್ಟಾಗ ಬೈಬಲ್ ಅನುವಾದ, ನಿಘಂಟು, ವ್ಯಾಕರಣಗಳ ಹಸ್ತಪ್ರತಿಗಳು ಹೋದವು, ಅದರಲ್ಲಿ ಕನ್ನಡದ ಕೆಲಸವೂ ಇತ್ತು. ಅಕ್ಷರದ ಅಚ್ಚುಗಳು ಉಳಿದಿದ್ದರಿಂದ ಮೊಳೆಗಳನ್ನು ಬೇಗ ಮತ್ತೆ ಎರಕ ಹೊಯ್ದರು. ಬೇರೆ ಪ್ರತಿ ಇಲ್ಲದ ಬರಹಗಳನ್ನು ಮಾತ್ರ ಮೊದಲಿನಿಂದ ಬರೆಯಬೇಕಾಯಿತು. ನಮ್ಮ ತಿರುಸಭೆಯ 1917ರ ಕಾನೂನು ಸಂಹಿತೆಯೂ ಇದನ್ನೇ ಹೇಳಿತ್ತು: ಜ್ಞಾನಸ್ನಾನ, ವಿವಾಹಗಳ ದಾಖಲೆ ಪುಸ್ತಕದ ಪ್ರತಿಯನ್ನು ವರ್ಷದ ಕೊನೆಗೆ ಧರ್ಮಾಧ್ಯಕ್ಷರ ಕಚೇರಿಗೆ ಕಳಿಸಬೇಕು. ಪುಸ್ತಕ ಇಲ್ಲಿ, ಪ್ರತಿ ಅಲ್ಲಿ.

ಹಾಗಾದರೆ ಏನು ಮಾಡೋಣ? ಫೋಟೋಗ್ರಾಫರ್ ಪೀಟರ್ ಕ್ರೋ ಜನಪ್ರಿಯ ಮಾಡಿದ ಒಂದು ಲೆಕ್ಕ ಇದೆ, 3-2-1. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಆ ಬೇರೆ ಜಾಗ ಕ್ಲೌಡೇ ಆಗಬೇಕು ಎಂದು ಯಾರು ಹೇಳಿದರು? ನಮ್ಮ ಪ್ರಸ್ತಾಪ ಇದು. ರಾಯದುರ್ಗದ ಯುವಜನರು ಒಂದು ಡಿಸ್ಕ್, ಮಡಕಶಿರಾದವರು ಒಂದು ಡಿಸ್ಕ್ ಕೊಳ್ಳಲಿ. ಎರಡರಲ್ಲೂ ಎರಡು ಊರಿನ ಕಡತ ಇರಲಿ. ನಿಮ್ಮದು ನಮ್ಮಲ್ಲಿ, ನಮ್ಮದು ನಿಮ್ಮಲ್ಲಿ. ವರ್ಷಕ್ಕೆ ಎರಡು ಸಲ, ಗರಿಗಳ ಭಾನುವಾರಕ್ಕೆ ಮುಂಚೆ ಮತ್ತು ಕ್ರಿಸ್ತಜಯಂತಿಗೆ ಮುಂಚೆ, ಡಿಸ್ಕ್ ತೆಗೆದು ಹೊಸದನ್ನು ಸೇರಿಸಿ, ಹಳೆಯದು ತೆರೆಯುತ್ತದೆಯೇ ನೋಡೋಣ. ತೆರೆದು ನೋಡದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾಯಿಸೋಣ. ಕುಟುಂಬಗಳ ಖಾಸಗಿ ವಿಷಯ ಇರುವುದರಿಂದ ವೆರಾಕ್ರಿಪ್ಟ್‌ನಂಥ ಉಚಿತ ತಂತ್ರಾಂಶದಿಂದ ಬೀಗ ಹಾಕಿ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಎರಡೂ ಕಡೆಯ ಗುರುಗಳ ಹತ್ತಿರ ಕವರಿನಲ್ಲಿ ಇಡೋಣ. ಆಗ ಯಾರು ಬೆಂಗಳೂರಿಗೆ ಹೋದರೂ ಬೀಗದ ಕೈ ಊರಲ್ಲೇ ಇರುತ್ತದೆ.

ಕ್ಲೌಡ್ ಬೇಡವೇ? ಬೇಕು, ಮೂರನೆಯ ಪ್ರತಿಯಾಗಿ. ಆರಿಸಿದ ಹಾಡುಗಳು, ಮುಖ್ಯ ಫೋಟೋಗಳು ಅಲ್ಲೂ ಇರಲಿ. ಮಾರ್ಕ್ಸ್ ಕಾರ್ಡಿಗೆ ಡಿಜಿಲಾಕರ್ ಇರಲಿ. ಆದರೆ ಜ್ಞಾನಸ್ನಾನದ ಪುಸ್ತಕದ ಪುಟಗಳನ್ನು ಫೋಟೋ ತೆಗೆದು “ಲಿಂಕ್ ಇದ್ದವರೆಲ್ಲ ನೋಡಬಹುದು” ಎಂದು ಗುಂಪಿಗೆ ಹಾಕುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ಅದರಲ್ಲಿ ಇರುವುದು ಬೇರೆ ಮನೆಗಳ ಗುಟ್ಟು.

ಎರಡು ಡಿಸ್ಕಿಗೆ ಹಣ ಎಲ್ಲಿ ಎಂದು ಕೇಳುವವರಿಗೆ ಒಂದೇ ಮಾತು. ಕಳೆದ ಹಬ್ಬದ ಫ್ಲೆಕ್ಸ್ ಬ್ಯಾನರ್‌ಗಳಿಗೆ ಎಷ್ಟಾಯಿತು, ನೆನಪಿದೆಯೇ? ಬ್ಯಾನರ್ ಈಗ ಯಾರದೋ ಕಣದಲ್ಲಿ ಕಡಲೆಕಾಯಿ ಮುಚ್ಚಲು ಹೋಗಿದೆ.

ನಮ್ಮ ಈ ಕನ್ನಡವನ್ನು ಇನ್ನು ಯಾರೂ ನಮಗಾಗಿ ಕಾಯುವುದಿಲ್ಲ. ಹೈದರಾಬಾದಿಗೂ ಅಮರಾವತಿಗೂ ಬೆಂಗಳೂರಿಗೂ ನಾವು ಅಂಚಿನವರು. ಉಳಿದಿರುವ ಅಜ್ಜಿಯರ ಹಾಡನ್ನು ಮತ್ತೆ ರೆಕಾರ್ಡ್ ಮಾಡಲು ಮುಂದಿನ ಭಾನುವಾರ ಬಲಿಪೂಜೆಯಾದ ಮೇಲೆ ಹೊರಡುತ್ತಿದ್ದೇವೆ. ಆ ತಮ್ಮನೂ ಬರುತ್ತಾನೆ, ಒಪ್ಪಿದ್ದಾನೆ. ಈ ಸಲ ಫೋನಿನಿಂದ ಅಳಿಸುವ ಮುಂಚೆ ಎರಡು ಊರಿನಲ್ಲಿ ಪ್ರತಿ ಇರುತ್ತದೆ. ನಿಮ್ಮ ಮನೆಯ ಹಿರಿಯರೂ ಹಾಡುತ್ತಾರೆಂದರೆ ನಮಗೆ ತಿಳಿಸಿ.

ಪ್ರಭು ನಿಮ್ಮೆಲ್ಲರನ್ನೂ, ನಿಮ್ಮ ಮನೆಯ ದನಿಗಳನ್ನೂ ಕಾಯಲಿ.